ಬಸವರಾಜ ಒಬ್ಬನೇ, ಕಾಗುಣಿತ ನಾಲ್ಕು

ಸಿಂದಗಿ ಕಡೆಯ ಹಳ್ಳಿಯೊಂದರ ಹುಡುಗ. ಹೆಸರು ಬಸವರಾಜ ಎಂದಿಟ್ಟುಕೊಳ್ಳಿ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಆತ 'ಬಸವರಾಜ ಮಲ್ಲಪ್ಪ ಬಿರಾದಾರ'. ಆಧಾರ್ ಕಾರ್ಡಿನ ಇಂಗ್ಲಿಷ್ ಸಾಲಿನಲ್ಲಿ ನಡುವಿನ ವಕಾರಕ್ಕೆ 'ವಿ' ಬದಲು 'ಡಬ್ಲ್ಯು' ಬಿದ್ದಿದೆ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಒಂದು 'ಎ' ಮಾಯವಾಗಿ ಬಸ್ವರಾಜ್ ಆಗಿದ್ದಾನೆ. ಆದಾಯ ಪ್ರಮಾಣಪತ್ರದಲ್ಲಿ ಅಡ್ಡಹೆಸರು ಮುಂದೆ ಬಂದು 'ಬಿರಾದಾರ ಬಸವರಾಜ' ಎಂದಾಗಿದೆ. ಊರಿನಲ್ಲಿ ಯಾರನ್ನು ಕೇಳಿದರೂ ಮಲ್ಲಪ್ಪನ ಮಗನನ್ನು ಬೆರಳು ಮಾಡಿ ತೋರಿಸುತ್ತಾರೆ. ಆದರೆ ವಿದ್ಯಾರ್ಥಿವೇತನದ ಅರ್ಜಿ ಪರಿಶೀಲಿಸುವ ಗಣಕಯಂತ್ರದ ಕಣ್ಣಿಗೆ ಇವರು ನಾಲ್ವರು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಪಾಲಕರಿಗೆ ಇದು ಹೊಸ ಕಥೆಯೇನಲ್ಲ. ಹೆಸರಿನ ಒಂದಕ್ಷರಕ್ಕಾಗಿ ಶಾಲೆಯಿಂದ ನಾಡಕಚೇರಿಗೆ, ಅಲ್ಲಿಂದ ಆಧಾರ್ ಕೇಂದ್ರಕ್ಕೆ, ಮತ್ತೆ ಶಾಲೆಗೆ ಅಲೆದು ಒಂದು ದಿನದ ಕೂಲಿ ಕಳೆದುಕೊಂಡವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ವಿದ್ಯಾರ್ಥಿಗಳಿಗೆ ಕೊಡುವ 'ಅಪಾರ್' ಗುರುತಿಗೂ ಶಾಲೆಯ ದಾಖಲೆಯ ಹೆಸರು ಆಧಾರಿನ ಹೆಸರಿನೊಡನೆ ಹೊಂದಬೇಕು. ಹಾಗಾದರೆ ಎರಡು ಹೆಸರು ಒಂದೇ ಎಂದು ಯಂತ್ರ ತೀರ್ಮಾನಿಸುವುದು ಹೇಗೆ? ಅದರ ಹಿಂದೆ ನೂರು ವರ್ಷಗಳ ಗಣಿತವಿದೆ. ಆ ಗಣಿತದ ಬಹುಭಾಗ ಹುಟ್ಟಿದ್ದು ಮಾತ್ರ ಇಂಗ್ಲಿಷ್ ಹೆಸರುಗಳ ನಡುವೆ. ತೊಡಕು ಇರುವುದೇ ಅಲ್ಲಿ.

ಅಮೆರಿಕದಿಂದ ಬಂದ ಉಪಾಯ

ಪಿಟ್ಸ್‌ಬರ್ಗ್ ನಗರದ ರಾಬರ್ಟ್ ರಸೆಲ್ ಎಂಬಾತ 1918ರಲ್ಲಿ ಒಂದು ಪೇಟೆಂಟ್ ಪಡೆದ. ಹೆಸರನ್ನು ಅಕ್ಷರದಿಂದ ಹುಡುಕುವ ಬದಲು ಉಚ್ಚಾರದಿಂದ ಹುಡುಕುವ ವಿಧಾನ ಅದು. ಮುಂದೆ ಅದಕ್ಕೆ 'ಸೌಂಡೆಕ್ಸ್' ಎಂಬ ಹೆಸರು ನಿಂತಿತು. ವಿಧಾನ ಸರಳ. ಹೆಸರಿನ ಮೊದಲ ಅಕ್ಷರವನ್ನು ಹಾಗೇ ಇಡಬೇಕು. ಸ್ವರಗಳನ್ನೂ 'ಎಚ್', 'ಡಬ್ಲ್ಯು', 'ವೈ'ಗಳನ್ನೂ ಬಿಟ್ಟುಬಿಡಬೇಕು. ಉಳಿದ ವ್ಯಂಜನಗಳಿಗೆ ಅಂಕಿ ಕೊಡಬೇಕು: 'ಬಿ, ಎಫ್, ಪಿ, ವಿ'ಗೆ 1, 'ಸಿ, ಜಿ, ಜೆ, ಕೆ, ಕ್ಯೂ, ಎಸ್, ಎಕ್ಸ್, ಜೆಡ್'ಗೆ 2, 'ಡಿ, ಟಿ'ಗೆ 3, 'ಎಲ್'ಗೆ 4, 'ಎಂ, ಎನ್'ಗೆ 5, 'ಆರ್'ಗೆ 6. ಒಂದೇ ಅಂಕಿಯ ಅಕ್ಷರಗಳು ಒತ್ತಿಗೊತ್ತಿ ಬಂದರೆ ಒಂದೇ ಸಲ ಎಣಿಕೆ. ಮೂರು ಅಂಕಿಯಾದೊಡನೆ ನಿಲ್ಲಿಸಬೇಕು. ಕಡಿಮೆ ಬಿದ್ದರೆ ಸೊನ್ನೆ ತುಂಬಬೇಕು.

1930ರ ದಶಕದಲ್ಲಿ ಅಮೆರಿಕ ಸರ್ಕಾರ ವೃದ್ಧಾಪ್ಯ ಪಿಂಚಣಿ ಕೊಡಲು ಹೊರಟಾಗ ಈ ವಿಧಾನಕ್ಕೆ ಬೆಲೆ ಬಂತು. ಎಷ್ಟೋ ಜನರ ಬಳಿ ಜನನ ಪ್ರಮಾಣಪತ್ರವಿರಲಿಲ್ಲ. 1880ರ ಜನಗಣತಿಯ ಪುಸ್ತಕದಲ್ಲಿ ಅವರು ಮಕ್ಕಳಾಗಿ ದಾಖಲಾಗಿದ್ದರು, ಆದರೆ ಕಾಗುಣಿತ ಗಣತಿದಾರನ ಕಿವಿಗೆ ಬಿದ್ದಂತೆ ಇತ್ತು. ಆಗ 10 ವರ್ಷ ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳಿದ್ದ ಮನೆಗಳನ್ನೆಲ್ಲ ಸೌಂಡೆಕ್ಸ್ ಚೀಟಿಗಳಲ್ಲಿ ಬರೆದು ಜೋಡಿಸಿದರು. ವಯಸ್ಸಿನ ದಾಖಲೆಗಾಗಿ ಹಳೆಯ ಪುಸ್ತಕ ಹುಡುಕಿಸುವ ಪಾಡು ಅಲ್ಲೂ ಇತ್ತು.

ಈ ಅಳತೆಗೋಲನ್ನು ವಿಜಯಪುರ ಜಿಲ್ಲೆಯ ಹೆಸರುಗಳ ಮೇಲೆ ಇಟ್ಟು ನೋಡಿದರೆ ಏನಾಗುತ್ತದೆ? ಕೆಲವು ಕಡೆ ಚೆನ್ನಾಗಿಯೇ ನಡೆಯುತ್ತದೆ. ಲಕ್ಷ್ಮಿ ಎಂಬುದನ್ನು 'ಕೆ, ಎಸ್, ಎಚ್' ಹಾಕಿ ಬರೆಯಿರಿ, 'ಎಕ್ಸ್' ಹಾಕಿ ಬರೆಯಿರಿ, ಎರಡೂ ಎಲ್-250. ಶಾಂತಾಬಾಯಿಯಲ್ಲಿ ಬರಿಯ 'ಟಿ' ಇದ್ದರೂ 'ಟಿ, ಎಚ್' ಇದ್ದರೂ ಎಸ್-531. ಆದರೆ ಬಸವರಾಜನ ಸರದಿ ಬಂದಾಗ ಎಡವುತ್ತದೆ. 'ವಿ' ಇದ್ದರೆ ಬಿ-216, 'ಡಬ್ಲ್ಯು' ಇದ್ದರೆ ಬಿ-262. ಒಬ್ಬನೇ ಹುಡುಗ ಎರಡು ಪೆಟ್ಟಿಗೆಗೆ ಬಿದ್ದ! ತಮಾಷೆಯೆಂದರೆ ಜಿಲ್ಲೆಯ ಹಳೆಯ ಹೆಸರು ಬಿಜಾಪುರವನ್ನು ಇಂಗ್ಲಿಷಿನಲ್ಲಿ ಬರೆದು ಲೆಕ್ಕ ಹಾಕಿದರೂ ಬರುವುದು ಬಿ-216. ಸೌಂಡೆಕ್ಸ್ ಪಾಲಿಗೆ ಬಸವರಾಜನೂ ಬಿಜಾಪುರವೂ ಒಂದೇ. 'ಡಬ್ಲ್ಯು' ಹಾಕಿಕೊಂಡ ಬಸವರಾಜ ಮಾತ್ರ ಬೇರೆ.

ಇನ್ನೂ ದೊಡ್ಡ ಅನಾಹುತ ಒಂದಿದೆ. 'ಪಿ'ಗೂ 'ವಿ'ಗೂ ಒಂದೇ ಅಂಕಿಯಷ್ಟೇ? ಹೀಗಾಗಿ ಬಸಪ್ಪ ಬಿ-210, ಬಸವ್ವನೂ ಬಿ-210. ಮಲ್ಲಪ್ಪ ಎಂ-410, ಮಲ್ಲವ್ವನೂ ಎಂ-410. ಗಂಡು ಹೆಸರಿಗೆ 'ಅಪ್ಪ', ಹೆಣ್ಣು ಹೆಸರಿಗೆ 'ಅವ್ವ' ಸೇರಿಸುವ ನಾಡಿನಲ್ಲಿ ಅಪ್ಪ-ಅವ್ವರ ವ್ಯತ್ಯಾಸವೇ ಕಾಣದ ಅಳತೆಗೋಲು ಎಷ್ಟು ಕೆಲಸಕ್ಕೆ ಬಂದೀತು? ಮೊದಲ ಅಕ್ಷರವನ್ನು ಮುಟ್ಟಬಾರದೆಂಬ ನಿಯಮವೂ ಇಲ್ಲಿಗೆ ಒಗ್ಗದು. ವೀರಣ್ಣನನ್ನು ಈರಣ್ಣ ಎಂದೂ, ಹುಸೇನಸಾಬನನ್ನು ಉಸೇನಸಾಬ ಎಂದೂ ಕರೆಯುವುದು ಈ ಭಾಗದ ಬಾಯಿರೂಢಿ. ಅಕ್ಷರ ಬದಲಾಗುವುದು ಹೆಸರಿನ ತಲೆಯಲ್ಲೇ.

ಇದೇ 'ವಿ-ಡಬ್ಲ್ಯು' ಜಗಳ ಇನ್ನೊಂದು ಸಮುದಾಯವನ್ನೂ ಕಾಡಿತ್ತು. ಪೂರ್ವ ಯುರೋಪಿನ ಯೆಹೂದಿ ಮನೆತನಗಳಲ್ಲಿ ಮಾಸ್ಕೊವಿಟ್ಜ್ ಎಂಬ ಹೆಸರನ್ನು ಎರಡೂ ಅಕ್ಷರದಲ್ಲಿ ಬರೆಯುತ್ತಾರೆ. ಸೌಂಡೆಕ್ಸ್ ಅವನ್ನು ಬೇರೆ ಬೇರೆ ಮಾಡುತ್ತಿತ್ತು. ವಂಶಾವಳಿ ಹುಡುಕುತ್ತಿದ್ದ ಗ್ಯಾರಿ ಮೊಕೊಟಾಫ್ ಮತ್ತು ರ್‍ಯಾಂಡಿ ಡೈಚ್ ಸುಮ್ಮನೆ ಕೂರಲಿಲ್ಲ. 1985ರ ಸುಮಾರಿಗೆ ತಮ್ಮ ಜನರ ಹೆಸರಿಗೆ ಒಪ್ಪುವ ಬೇರೆಯೇ ಪಟ್ಟಿ ಮಾಡಿಕೊಂಡರು.

ಎಷ್ಟು ತಿದ್ದಿದರೆ ಒಂದಾದೀತು?

ಎರಡನೆಯ ದಾರಿ ಉಚ್ಚಾರಕ್ಕೆ ಹೋಗುವುದಿಲ್ಲ. ಒಂದು ಪದವನ್ನು ಇನ್ನೊಂದಾಗಿ ಮಾಡಲು ಎಷ್ಟು ತಿದ್ದುಪಡಿ ಬೇಕು ಎಂದು ಎಣಿಸುತ್ತದೆ. ಒಂದಕ್ಷರ ಸೇರಿಸಿದರೆ ಒಂದು, ತೆಗೆದರೆ ಒಂದು, ಬದಲಿಸಿದರೆ ಒಂದು. ರಷ್ಯದ ವ್ಲಾದಿಮಿರ್ ಲೆವೆನ್‌ಸ್ಟೈನ್ 1965ರಲ್ಲಿ ಇದನ್ನು ಗಣಿತದ ಭಾಷೆಯಲ್ಲಿ ಹೇಳಿದ್ದರಿಂದ ಈ ಅಂತರಕ್ಕೆ ಆತನದೇ ಹೆಸರು. ಅದಕ್ಕೂ ಒಂದು ವರ್ಷ ಮೊದಲು ಫ್ರೆಡರಿಕ್ ಡೆಮರಾವ್ ಎಂಬಾತ, ಕಾಗುಣಿತದ ತಪ್ಪುಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಒಂದೇ ತಿದ್ದುಪಡಿಯ ತಪ್ಪುಗಳು ಎಂದು ತೋರಿಸಿದ್ದ. ಅಕ್ಕಪಕ್ಕದ ಎರಡಕ್ಷರ ಅದಲುಬದಲಾಗುವುದನ್ನೂ ಆತ ಒಂದೇ ಎಂದು ಎಣಿಸಿದ.

ವಿದ್ಯಾರ್ಥಿಗಳು ಇದನ್ನು ಚೌಕುಳಿ ಕಾಗದದ ಮೇಲೆ ಮಾಡಿ ನೋಡಬಹುದು. ಸಿಂದಗಿಯನ್ನು ಇಂಗ್ಲಿಷಿನಲ್ಲಿ ಏಳಕ್ಷರದಲ್ಲೂ ಬರೆಯುತ್ತಾರೆ, ನಡುವಿನ 'ಎ' ಬಿಟ್ಟು ಆರಕ್ಷರದಲ್ಲೂ ಬರೆಯುತ್ತಾರೆ. ಒಂದನ್ನು ಅಡ್ಡಲಾಗಿ, ಇನ್ನೊಂದನ್ನು ಉದ್ದಕ್ಕೆ ಬರೆದು, ಎರಡರ ಆರಂಭದಲ್ಲೂ ಒಂದೊಂದು ಖಾಲಿ ಜಾಗ ಬಿಟ್ಟರೆ 56 ಮನೆಗಳ ಕೋಷ್ಟಕವಾಗುತ್ತದೆ. ಮೊದಲ ಸಾಲಿಗೂ ಮೊದಲ ಕಂಬಕ್ಕೂ 0, 1, 2 ಎಂದು ಕ್ರಮವಾಗಿ ತುಂಬಿ. ಮುಂದೆ ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ: ಸಾಲಿನ ಅಕ್ಷರ, ಕಂಬದ ಅಕ್ಷರ ಒಂದೆಯೇ? ಹೌದಾದರೆ ಎಡಮೇಲಿನ ಕರ್ಣದ ಮನೆಯ ಸಂಖ್ಯೆಯನ್ನು ಹಾಗೇ ಇಳಿಸಿ. ಅಲ್ಲವಾದರೆ ಮೇಲಿನ, ಎಡದ, ಕರ್ಣದ ಮನೆಗಳಲ್ಲಿ ಅತಿ ಚಿಕ್ಕದಕ್ಕೆ ಒಂದು ಕೂಡಿಸಿ. ಕೊನೆಯ ಮೂಲೆಯ ಮನೆಯಲ್ಲಿ ನಿಲ್ಲುವುದೇ ಉತ್ತರ. ಇಲ್ಲಿ 1 ಬರಬೇಕು.

ಈ ಅಳತೆ ಬಸವರಾಜನಿಗೆ ನ್ಯಾಯ ಕೊಡುತ್ತದೆ. 'ವಿ-ಡಬ್ಲ್ಯು' ಬದಲಾವಣೆಗೆ 1, 'ಎ' ಬಿಟ್ಟುಹೋದದ್ದಕ್ಕೆ 1. ಎರಡೂ ತಪ್ಪು ಕೂಡಿದರೆ 2. ಆದರೆ ಬಸಪ್ಪನಿಂದ ಬಸವ್ವನಿಗೂ 2! ರಮೇಶನಿಂದ ರಾಜೇಶನಿಗೆ ಇಂಗ್ಲಿಷಿನಲ್ಲಿ ಬರಿಯ 1. ಅದೇ ಲಕ್ಷ್ಮಿಯ ಎರಡು ಬರಹಗಳ ನಡುವೆ 3. ಅಂದರೆ ಒಬ್ಬಳೇ ಹುಡುಗಿಯ ಎರಡು ಬರಹಗಳು ದೂರ, ಇಬ್ಬರು ಬೇರೆ ಹುಡುಗರು ಹತ್ತಿರ. ಎಲ್ಲ ತಪ್ಪಿಗೂ ಒಂದೇ ದಂಡ ವಿಧಿಸಿದರೆ ಆಗುವುದೇ ಹೀಗೆ.

ಮೂರನೆಯದು ಜಾರೊ-ವಿಂಕ್ಲರ್ ಅಳತೆ. 1985ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ನಡೆದ ಪ್ರಾಯೋಗಿಕ ಜನಗಣತಿಯ ದಾಖಲೆ ಹೊಂದಿಸಲು ಮ್ಯಾಥ್ಯೂ ಜಾರೊ ಇದನ್ನು ಬಳಸಿದ. 1990ರಲ್ಲಿ ವಿಲಿಯಂ ವಿಂಕ್ಲರ್ ಪರಿಷ್ಕರಿಸಿದ. ಎರಡು ಹೆಸರುಗಳಲ್ಲಿ ಸಮಾನವಾದ ಅಕ್ಷರಗಳೆಷ್ಟು, ಅವು ಸರಿಸುಮಾರು ಅದೇ ಸ್ಥಾನದಲ್ಲಿವೆಯೇ ಎಂದು ನೋಡಿ ಸೊನ್ನೆಯಿಂದ ಒಂದರವರೆಗೆ ಅಂಕ ಕೊಡುತ್ತದೆ. ಹೆಸರಿನ ಆರಂಭ ಒಂದೇ ಆಗಿದ್ದರೆ ಸ್ವಲ್ಪ ಬೋನಸ್. ಬಸವರಾಜನ ಎರಡು ರೂಪಕ್ಕೆ 0.956 ಬರುತ್ತದೆ, ಸಂತೋಷ. ಬಸಪ್ಪ-ಬಸವ್ವರಿಗೆ 0.886. ಲಕ್ಷ್ಮಿಯ ಎರಡು ರೂಪಕ್ಕೆ 0.832 ಮಾತ್ರ. '0.85 ದಾಟಿದರೆ ಒಂದೇ ಹೆಸರು' ಎಂದು ಯಾವುದಾದರೂ ಕಚೇರಿ ಗೆರೆ ಎಳೆದರೆ ಬಸಪ್ಪ-ಬಸವ್ವ ಒಂದಾಗುತ್ತಾರೆ, ಲಕ್ಷ್ಮಿ ಇಬ್ಬರಾಗುತ್ತಾಳೆ.

ಹಾಗೆಂದು ಇವೆಲ್ಲ ನಿರುಪಯೋಗಿ ಎನ್ನುವಂತಿಲ್ಲ. ಒಂದು ಲಕ್ಷ ಹೆಸರಿನ ಪಟ್ಟಿಯಲ್ಲಿ ಪ್ರತಿಯೊಂದನ್ನೂ ಪ್ರತಿಯೊಂದರೊಡನೆ ಹೋಲಿಸಿದರೆ ಸುಮಾರು 500 ಕೋಟಿ ಜೋಡಿಗಳಾಗುತ್ತವೆ. ಸೌಂಡೆಕ್ಸಿನಂಥ ಒರಟು ಜರಡಿಯಲ್ಲಿ ಮೊದಲು ಸೋಸಿ, ಉಳಿದ ಜೋಡಿಗಳನ್ನಷ್ಟೇ ಅಂತರದ ಅಳತೆಗೆ ಹಚ್ಚುವುದು ಬಲ್ಲವರ ಪದ್ಧತಿ. ಜರಡಿಯನ್ನೇ ತಕ್ಕಡಿ ಎಂದುಕೊಂಡಾಗ ಕೆಲಸ ಕೆಡುತ್ತದೆ.

ವರ್ಣಮಾಲೆಯೇ ಕೋಷ್ಟಕ

ವಿಚಿತ್ರವೆಂದರೆ ಈ ತೊಂದರೆಗಳಲ್ಲಿ ಅರ್ಧ ಕನ್ನಡದ್ದಲ್ಲ, ಕನ್ನಡ ಹೆಸರನ್ನು ರೋಮನ್ ಲಿಪಿಗೆ ಇಳಿಸಿದ್ದರ ಫಲ. ಕನ್ನಡದಲ್ಲಿ ಬಸವರಾಜನಿಗೆ ಎರಡು ಬಗೆಯ ವಕಾರವಿಲ್ಲ. ಲಕ್ಷ್ಮಿಗೆ 'ಎಕ್ಸ್' ಇಲ್ಲ. ಅಂದಮೇಲೆ ಎರಡೂ ಕಡೆ ಕನ್ನಡ ಹೆಸರು ಲಭ್ಯವಿದ್ದರೆ ಮೊದಲು ಅದನ್ನೇ ಹೋಲಿಸುವುದು ಜಾಣತನ. ಪಹಣಿ, ಅಂದರೆ ಈ ಭಾಗದವರು 'ಉತಾರ' ಎನ್ನುವ ಕಾಗದ, ಕನ್ನಡದಲ್ಲೇ ಇದೆ. 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ದಾಖಲೆಗಳು ಗಣಕಕ್ಕೆ ಏರಿದ್ದು ಕನ್ನಡದಲ್ಲೇ. ಆಧಾರಿನಲ್ಲೂ ಕನ್ನಡ ಸಾಲೊಂದು ಇರುತ್ತದೆ. ಇಂಗ್ಲಿಷಿನಲ್ಲಿ ಬೆರಳಚ್ಚಿಸಿದ್ದನ್ನು ಯಂತ್ರ ತಾನಾಗಿ ಕನ್ನಡಿಸಿದಾಗ ಅದನ್ನು ಓದಿ ತಿದ್ದದೆ ಬಿಟ್ಟರೆ ಮಾತ್ರ ಮಲ್ಲಪ್ಪ ಮಳ್ಳಪ್ಪನಾಗಿ ಕೂರುತ್ತಾನೆ.

ಕನ್ನಡದೊಳಗೂ ರೂಪಭೇದಗಳಿಲ್ಲವೆಂದಲ್ಲ. ಆದರೆ ಅವು ಅಡ್ಡಾದಿಡ್ಡಿಯಲ್ಲ. ಒಂದನೆಯ ತರಗತಿಯ ಗೋಡೆಯ ಮೇಲಿರುವ ವರ್ಣಮಾಲೆಯ ಪಟವನ್ನು ನೋಡಿದರೆ ಸಾಕು, ಅದೇ ಸಿದ್ಧ ಕೋಷ್ಟಕ. ಮಹಾಪ್ರಾಣ ಅಲ್ಪಪ್ರಾಣವಾಗುತ್ತದೆ: ಭೀಮಪ್ಪ-ಬೀಮಪ್ಪ, ರೇವಣಸಿದ್ಧ-ರೇವಣಸಿದ್ದ. ಶಕಾರ ಸಕಾರವಾಗುತ್ತದೆ: ಶ್ರೀಶೈಲ-ಶ್ರೀಸೈಲ. ಣ-ನ ಬದಲಾಗುತ್ತವೆ: ಹಣಮಂತ-ಹನುಮಂತ. ದೀರ್ಘ ಹ್ರಸ್ವವಾಗುತ್ತದೆ: ಪಾಟೀಲ-ಪಾಟಿಲ. ಕೊನೆಯ ಸ್ವರ ಬರುತ್ತದೆ, ಹೋಗುತ್ತದೆ: ಬಸವರಾಜ, ಬಸವರಾಜ್, ಬಸವರಾಜು. ಸಾವಿರಾರು ವರ್ಷಗಳ ಹಿಂದಿನ ವೈಯಾಕರಣರು ಧ್ವನಿ ಹುಟ್ಟುವ ಜಾಗ ನೋಡಿ ಅಕ್ಷರಗಳನ್ನು ಸಾಲಾಗಿ ಕೂರಿಸಿದ್ದರ ಲಾಭ ಇದು. ರಸೆಲ್ ಸಾಹೇಬರು ಅಕ್ಷರಗಳನ್ನು ಆರಿಸಿ ಗುಂಪು ಮಾಡಬೇಕಾಯಿತು, ಇಲ್ಲಿ ಗುಂಪು ಸಿದ್ಧವಾಗಿಯೇ ಇದೆ. ಇದೇ ತತ್ವದ ಮೇಲೆ ಭಾರತೀಯ ಲಿಪಿಗಳಿಗೆ ಹೊಂದುವ ಸೌಂಡೆಕ್ಸನ್ನು ಮಲಯಾಳಂ ಗಣಕ ತಜ್ಞ ಸಂತೋಷ್ ತೊಟ್ಟಿಂಗಲ್ ರೂಪಿಸಿದ್ದು, ಕನ್ನಡವೂ ಅದರಲ್ಲಿದೆ. ಯೂನಿಕೋಡಿನಲ್ಲಿ ಕನ್ನಡದ ಕಕಾರ ತನ್ನ ಲಿಪಿಯ ಸಾಲಿನಲ್ಲಿ ಎಷ್ಟನೆಯ ಮನೆಯಲ್ಲಿದೆಯೋ ದೇವನಾಗರಿಯ ಕಕಾರವೂ ಅಷ್ಟನೆಯ ಮನೆಯಲ್ಲೇ ಇದೆ. ಸೊಲ್ಲಾಪುರದ ಮಗ್ಗುಲಲ್ಲಿರುವ ಇಂಡಿ, ಚಡಚಣದ ಕಡೆ ಮರಾಠಿ ಶಾಲೆಯ ದಾಖಲೆಯೊಡನೆ ಹೋಲಿಸಬೇಕಾದಾಗ ಇದು ಅನುಕೂಲ.

ಎರಡು ಎಚ್ಚರಿಕೆ ಬೇಕು. ಪರದೆಯ ಮೇಲೆ ಒಂದಕ್ಷರವಾಗಿ ಕಾಣುವ 'ಪ್ಪ' ಯಂತ್ರದೊಳಗೆ ಮೂರು ಸಂಕೇತ: ಪ, ಅರ್ಧಾಕ್ಷರದ ಗುರುತು, ಇನ್ನೊಂದು ಪ. 'ಬಸವರಾಜ್' ಎಂಬುದರ ಕೊನೆಗೆ ಕಣ್ಣಿಗೆ ಕಾಣದ ಸಂಕೇತವೊಂದು ಅಂಟಿರಬಹುದು. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಟೈಪು ಮಾಡಿದ ಕಡತಗಳ ಒಳಸಂಕೇತವೇ ಬೇರೆ. ಕಾಗದದ ಮೇಲೆ ಅವಳಿಯಂತಿರುವ ಎರಡು ಹೆಸರು ಯಂತ್ರದೊಳಗೆ ಅಪರಿಚಿತರಾಗಿರುವುದು ಇದರಿಂದಲೇ. ಮೊದಲು ಎಲ್ಲವನ್ನೂ ಒಂದೇ ಸಂಕೇತಕ್ಕೆ ತಂದು, ಅಕ್ಷರ ಲೆಕ್ಕದಲ್ಲಿ ಎಣಿಸಬೇಕು.

ಇನ್ನೊಂದು ಎಚ್ಚರಿಕೆ ಗಂಭೀರವಾದದ್ದು. ದೀರ್ಘ ತೆಗೆದು, ಳಕಾರವನ್ನು ಲಕಾರ ಮಾಡಿ, ಒತ್ತು ಬಿಟ್ಟರೆ ಮಲ್ಲಪ್ಪ 'ಮಲಪ' ಆಗುತ್ತಾನೆ. ಮಾಳಪ್ಪನೂ 'ಮಲಪ'ನೇ. ಮಲ್ಲಯ್ಯನ ಒಕ್ಕಲು ಒಬ್ಬ, ಮಾಳಿಂಗರಾಯನ ಒಕ್ಕಲು ಇನ್ನೊಬ್ಬ. ಒಂದೇ ಓಣಿಯಲ್ಲಿ ಇಬ್ಬರೂ ಇರಬಹುದು. ಆದ್ದರಿಂದ ಪ್ರತಿ ಬದಲಾವಣೆಗೂ ಬೇರೆ ಬೇರೆ ದಂಡವಿರಬೇಕು. ಭ-ಬ ಬದಲಾದರೆ ಅತಿ ಕಡಿಮೆ, ಲ-ಳ ಬದಲಾದರೆ ಸ್ವಲ್ಪ ಹೆಚ್ಚು, ಅಪ್ಪ ಅವ್ವನಾದರೆ ಪೂರಾ ದಂಡ. ಇದನ್ನು ಗೊತ್ತುಮಾಡಲು ಗಣಿತ ಬಲ್ಲವನಿಗಿಂತ ಊರು ಬಲ್ಲವನು ಹೆಚ್ಚು ಉಪಯೋಗಕ್ಕೆ ಬರುತ್ತಾನೆ.

ಓಲೆಗರಿ ಕಲಿಸಿದ್ದು

ಪಾಠಾಂತರ ಹೋಲಿಸುವ ಕೆಲಸ ಈ ಜಿಲ್ಲೆಗೆ ಹೊಸತಲ್ಲ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ಸುತ್ತಿ ಓಲೆಗರಿ ಕಟ್ಟುಗಳನ್ನು ಕೂಡಿಹಾಕಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರತಂದರು. ಒಂದೇ ವಚನ ಒಂದೊಂದು ಕಟ್ಟಿನಲ್ಲಿ ಒಂದೊಂದು ಕಾಗುಣಿತದಲ್ಲಿ ಸಿಗುತ್ತಿತ್ತು. ಸಿಂದಗಿ ತಾಲ್ಲೂಕಿನ ಯರಗಲ್ಲದಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿಯವರು ಗ್ರಂಥಸಂಪಾದನೆಯನ್ನೇ ಶಾಸ್ತ್ರವಾಗಿ ಬರೆದರು. ಕನ್ನಡದ ಹೆಸರುಗಳ ಅಧ್ಯಯನಕ್ಕೂ ಅವರದೊಂದು ಪುಸ್ತಕವಿದೆ. ಅವರ ಹೆಸರನ್ನೇ ಪತ್ರಿಕೆಗಳು ಕಲಬುರ್ಗಿ, ಕಲ್ಬುರ್ಗಿ, ಕಲಬುರಗಿ ಎಂದು ಮೂರು ಬಗೆಯಲ್ಲಿ ಅಚ್ಚುಹಾಕಿದ್ದುಂಟು.

ಗ್ರಂಥಸಂಪಾದಕರ ಒಂದು ಸೂತ್ರ ಕಚೇರಿಗಳಿಗೂ ಗೊತ್ತಿರಬೇಕಿತ್ತು. ಎರಡು ಪ್ರತಿಗಳಲ್ಲಿ ಒಂದೇ ವಿಚಿತ್ರ ತಪ್ಪು ಕಂಡರೆ ಒಂದರಿಂದ ಇನ್ನೊಂದನ್ನು ನಕಲು ಮಾಡಿದ್ದಾರೆ, ಅಥವಾ ಎರಡಕ್ಕೂ ಮೂಲ ಒಂದೇ ಎಂದು ಅವರು ತಿಳಿಯುತ್ತಾರೆ. ಅವು ಎರಡು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. ಪಡಿತರ ಚೀಟಿ, ಬ್ಯಾಂಕು, ಪ್ಯಾನ್ ಮೂರರಲ್ಲೂ ಒಂದೇ ತಪ್ಪಿದ್ದು ಶಾಲೆಯ ಪುಸ್ತಕದಲ್ಲಿ ಮಾತ್ರ ಸರಿಯಿದ್ದರೆ, 'ಮೂರರ ಎದುರು ಒಂದು' ಎಂದು ಶಾಲೆಯ ಹೆಸರನ್ನು ತಿದ್ದಿಸುವ ಮುನ್ನ ಆ ಮೂರೂ ಒಂದೇ ಆಧಾರಿನ ನಕಲೇ ಎಂದು ನೋಡಬೇಡವೇ?

ಊರಿನ ಹೆಸರೂ ಹಾಗೆಯೇ

2014ರ ನವೆಂಬರ್ 1ರಂದು ಬಿಜಾಪುರ ಅಧಿಕೃತವಾಗಿ ವಿಜಯಪುರವಾಯಿತು. ಜನರ ಬಾಯಲ್ಲಿ ಅದು ಮೊದಲಿನಿಂದಲೂ ವಿಜಾಪುರ. ಹಳೆಯ ಅಂಕಪಟ್ಟಿಯ ಬಿಜಾಪುರಕ್ಕೂ ಹೊಸ ಪ್ರಮಾಣಪತ್ರದ ವಿಜಯಪುರಕ್ಕೂ ಇಂಗ್ಲಿಷಿನಲ್ಲಿ ನಾಲ್ಕು ತಿದ್ದುಪಡಿಗಳ ದೂರ. ಯಾವ ಅಳತೆಯೂ ಇವು ಒಂದೆಂದು ಹೇಳದು. ದೇವನಹಳ್ಳಿ ತಾಲ್ಲೂಕಿನ ವಿಜಯಪುರಕ್ಕೂ ಇದಕ್ಕೂ ದೂರ ಸೊನ್ನೆ, ಊರು ಮಾತ್ರ ಬೇರೆ. ತಾಳಿಕೋಟೆ-ತಾಳಿಕೋಟಿ, ಚಡಚಣ-ಚಡಚಾಣ, ಕೊಲ್ಹಾರ-ಕೋಲ್ಹಾರಗಳನ್ನು ಯಂತ್ರ ಸುಲಭವಾಗಿ ಕೂಡಿಸುತ್ತದೆ. ಅದೇ ಧೈರ್ಯದಲ್ಲಿ ಇಂಡಿ ತಾಲ್ಲೂಕಿನ ನಿಂಬಾಳ ಬಿ.ಕೆ. ಮತ್ತು ನಿಂಬಾಳ ಕೆ.ಡಿ.ಗಳನ್ನೂ ಕೂಡಿಸಿಬಿಟ್ಟರೆ? ಒಂದು ಬುದ್ರುಕ್, ಇನ್ನೊಂದು ಖುರ್ದ್. ಎರಡೂ ಬೇರೆ ಹಳ್ಳಿಗಳು. 1565ರ ಯುದ್ಧದ ಹೆಸರನ್ನು ರಕ್ಕಸತಂಗಡಿ ಎಂದು ಓದುವ ಮಕ್ಕಳಿಗೆ ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯ ನೆನಪೇ ಆಗದಿರುವುದುಂಟು. ಊರುಗಳ ವಿಷಯದಲ್ಲಿ ಗಣಿತಕ್ಕಿಂತ ಒಂದು ಪಟ್ಟಿ ವಾಸಿ: ಹಳೆಯ ಹೆಸರು, ಹೊಸ ಹೆಸರು, ಆಡುಮಾತಿನ ಹೆಸರು, 'ಬ.ಬಾಗೇವಾಡಿ'ಯಂಥ ಸಂಕ್ಷೇಪ.

ಅಪರೂಪಕ್ಕೆ ತೂಕ ಹೆಚ್ಚು

ಕೆನಡಾದ ಇವಾನ್ ಫೆಲೆಗಿ ಮತ್ತು ಅಲನ್ ಸಂಟರ್ 1969ರಲ್ಲಿ ಈ ವಿಷಯಕ್ಕೆ ಗಟ್ಟಿ ತಳಹದಿ ಹಾಕಿದರು. ಹೆಸರೊಂದನ್ನೇ ನೋಡಬೇಡಿ, ತಂದೆಯ ಹೆಸರು, ಹುಟ್ಟಿದ ದಿನ, ಊರು ಎಲ್ಲಕ್ಕೂ ತೂಕ ಕೊಟ್ಟು ಕೂಡಿಸಿ ಎಂದರು. ತೂಕ ಎಲ್ಲ ಕಡೆ ಒಂದೇ ಅಲ್ಲ. ಬಸವಣ್ಣನ ಹುಟ್ಟೂರಾದ ಬಾಗೇವಾಡಿಯಲ್ಲಿ ಎರಡು ದಾಖಲೆಗಳಲ್ಲೂ 'ಬಸವರಾಜ' ಎಂದಿದ್ದರೆ ಅದರಿಂದ ತಿಳಿಯುವುದು ಅಲ್ಪ. ಅಮೋಘಸಿದ್ಧ ಎಂಬ ಹೆಸರು ಮಂಗಳೂರಿನ ಎರಡು ದಾಖಲೆಗಳಲ್ಲಿ ಸಿಕ್ಕರೆ ಬಹುತೇಕ ಒಬ್ಬನೇ ಎನ್ನಬಹುದು, ಇಂಡಿಯಲ್ಲಿ ಹಾಗೆನ್ನಲಾಗದು. ಅಂಕ ಬಹಳ ಹೆಚ್ಚಿದ್ದರೆ ಒಪ್ಪಿ, ಬಹಳ ಕಡಿಮೆಯಿದ್ದರೆ ಬಿಡಿ, ನಡುವಿನದನ್ನು ಮನುಷ್ಯರು ನೋಡಲಿ ಎಂಬುದು ಅವರ ಸೂತ್ರದ ಮುಖ್ಯ ಅಂಶ. ಕಚೇರಿಗಳಲ್ಲಿ ಬಹಳಷ್ಟು ಸಲ ಬಿಟ್ಟುಹೋಗುವುದು ಈ ನಡುವಿನ ಭಾಗವೇ. ಅಲ್ಲಿ ನೌಕರ ನೋಡಬೇಕಾದದ್ದನ್ನು ವಿದ್ಯಾರ್ಥಿಯ ತಾಯಿ ಅಲೆದು ತೀರಿಸುತ್ತಾಳೆ.

ಪದಗಳ ಕ್ರಮದ ವಿಷಯವೂ ಇದೆ. 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದ ಈ ಜಿಲ್ಲೆಯಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಪದಗಳ ರೂಢಿ. ಹಳೆಯ ಮೈಸೂರಿನ ಕಡೆ ಇನಿಷಿಯಲ್ ರೂಢಿ. ಆಧಾರ್ ದೃಢೀಕರಣದ ತಾಂತ್ರಿಕ ವಿವರಣೆಯಲ್ಲಿ ಪೂರ್ಣ ಹೊಂದಿಕೆ, ಭಾಗಶಃ ಹೊಂದಿಕೆ ಎಂದು ಎರಡು ಬಗೆ ಇಟ್ಟಿದ್ದರು. ಎರಡನೆಯದರಲ್ಲಿ ಪದಗಳು ಹಿಂದೆಮುಂದಾದರೂ, ಇನಿಷಿಯಲ್ ಇದ್ದರೂ ನಡೆಯುತ್ತಿತ್ತು. ಅವಕಾಶ ಕಲ್ಪಿಸಿದ ಮಾತ್ರಕ್ಕೆ ಅದನ್ನು ಎಲ್ಲರೂ ಬಳಸಿಕೊಂಡರೆಂದಲ್ಲ.

ಪಾಲಕರ ಕೈಲಿರುವುದು ಇಷ್ಟು. ಮಗುವನ್ನು ಒಂದನೆಯ ತರಗತಿಗೆ ಸೇರಿಸುವ ದಿನವೇ ಕನ್ನಡದ ಹೆಸರನ್ನೂ ಇಂಗ್ಲಿಷಿನ ಒಂದೇ ಕಾಗುಣಿತವನ್ನೂ ಮನೆಯಲ್ಲಿ ಬರೆದಿಟ್ಟುಕೊಂಡು, ಜನನ ಪ್ರಮಾಣಪತ್ರದಿಂದ ಆಧಾರಿನವರೆಗೆ ಅದನ್ನೇ ಕೊಡುವುದು. ಟೈಪು ಮಾಡಿದವರು ಪರದೆ ತಿರುಗಿಸಿ ತೋರಿಸುವಾಗ 'ಸರಿ ಇದೆ' ಎನ್ನುವ ಮುನ್ನ ಒಂದೊಂದೇ ಅಕ್ಷರ ಓದುವುದು. ಓದಲು ಬಾರದಿದ್ದರೆ ಮಗುವಿನಿಂದಲೇ ಓದಿಸುವುದು. ಹತ್ತನೆಯ ತರಗತಿಯ ಪರೀಕ್ಷೆಗೆ ಶಾಲೆಯಿಂದ ಹೆಸರು ಹೋಗುವ ಮುನ್ನ ಇನ್ನೊಮ್ಮೆ ತಾಳೆ ನೋಡುವುದು, ಏಕೆಂದರೆ ಅಂಕಪಟ್ಟಿ ಅಚ್ಚಾದ ಮೇಲಿನ ತಿದ್ದುಪಡಿ ಬಹು ಉದ್ದದ ದಾರಿ.

ಅವಳಿ ಮಕ್ಕಳಿಗೆ ಹೆಸರಿಡುವವರಿಗೆ ಒಂದು ಮಾತು ಹೆಚ್ಚು. ರಮೇಶ-ರಾಜೇಶ ಎಂದು ಪ್ರಾಸಬದ್ಧವಾಗಿ ಹೆಸರಿಟ್ಟರೆ ಜಾರೊ-ವಿಂಕ್ಲರ್ ಅಂಕ 0.911. ತಂದೆಯ ಹೆಸರು ಒಂದೇ, ಅಡ್ಡಹೆಸರು ಒಂದೇ, ಊರು ಒಂದೇ, ಹುಟ್ಟಿದ ದಿನವೂ ಒಂದೇ. ಒಬ್ಬನ ಅರ್ಜಿಯನ್ನು ಇನ್ನೊಬ್ಬನ ಎರಡನೆಯ ಅರ್ಜಿ ಎಂದು ಯಂತ್ರ ತೆಗೆದುಹಾಕಲು ಇದಕ್ಕಿಂತ ಹೆಚ್ಚೇನೂ ಬೇಕಿಲ್ಲ. ಅಂಥವರು ಇಬ್ಬರ ಶಾಲಾ ಗುರುತಿನ ಸಂಖ್ಯೆಗಳನ್ನು ಬೇರೆ ಬೇರೆ ಚೀಟಿಯಲ್ಲಿ ಬರೆದಿಟ್ಟುಕೊಂಡು, ಅರ್ಜಿ ಹಾಕುವ ದಿನ ಇಬ್ಬರನ್ನೂ ಕರೆದುಕೊಂಡು ಹೋಗುವುದು ಒಳ್ಳೆಯದು.